ಕಿವಿಯಪ್ಪನ ಮೂರನೆಯ ಗುಂಡಿ

ದೇವರು ಕಣ್ಣಿಗೆ ರೆಪ್ಪೆ ಕೊಟ್ಟ, ಬಾಯಿಗೆ ತುಟಿ ಕೊಟ್ಟ, ಕಿವಿಗೆ ಮಾತ್ರ ಕದ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆಗೆ ನೀರು ಸರಬರಾಜು ಇಲಾಖೆಯಲ್ಲಿ ಒಂದು ಉತ್ತರವಿತ್ತು. ಆ ಉತ್ತರಕ್ಕೆ ನಲವತ್ತೆಂಟು ವರ್ಷ, ತಲೆಯ ಮೇಲೆ ಲೆಕ್ಕಕ್ಕೆ ಸಿಗುವಷ್ಟು ಕೂದಲು, ಬಗಲಲ್ಲಿ ಒಂದು ಕಬ್ಬಿಣದ ಕೋಲು. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿತ್ತು. ಉಳಿದಂತೆ ಇಲಾಖೆಗೂ ಬೀದಿಗೂ ಅವನು ಕಿವಿಯಪ್ಪ.

ಕಿವಿಯಪ್ಪನ ಕೆಲಸ ಕೇಳಿಸಿಕೊಳ್ಳುವುದು. ಕೋಲಿನ ಒಂದು ತುದಿಯನ್ನು ರಸ್ತೆಗೆ ಊರಿ, ಇನ್ನೊಂದು ತುದಿಗಿರುವ ಮರದ ಬಟ್ಟಲಿಗೆ ಕಿವಿ ಒತ್ತಿ, ಕಣ್ಣು ಮುಚ್ಚಿ ನಿಲ್ಲುವುದು. ನೆಲದ ಕೆಳಗೆ ಚರಂಡಿ ಗುಳುಗುಳು ಅನ್ನುತ್ತದೆ, ಬಸ್ಸು ಧಡಧಡ ಅನ್ನುತ್ತದೆ. ಒಡೆದ ನೀರಿನ ಕೊಳವೆಯ ದನಿ ಇವೆರಡೂ ಅಲ್ಲ. ಯಾರೋ ಒಂದು ಪದ್ಯ ಹೇಳಿ ಮುಗಿಸುತ್ತ, ಕೊನೆಯ ಅಕ್ಷರವನ್ನು ಬಿಡಲು ಮನಸ್ಸಾಗದೆ ಎಳೆಯುತ್ತಲೇ ಇದ್ದಾರೆ ಅನ್ನಿಸುವ ದನಿ ಅದು. ಉಸಿರಿಗೂ ನಿಲ್ಲುವುದಿಲ್ಲ. ಆ ದನಿ ಸಿಕ್ಕ ಜಾಗದಲ್ಲಿ ಕಿವಿಯಪ್ಪ ನೀಲಿ ಬಣ್ಣದಿಂದ ಒಂದು ಸುತ್ತು ಬರೆಯುತ್ತಿದ್ದ. ಒಳಗೆ ಅಡ್ಡಡ್ಡ ಎರಡು ಗೆರೆ, ಪಕ್ಕದಲ್ಲಿ ನೀರು ಹರಿಯುವ ದಿಕ್ಕಿಗೆ ಬಾಣ, ಬಾಣದ ಬಳಿ ಆಳದ ಅಂಕಿ. ನಾಲ್ಕು ಎಂದಿದ್ದರೆ ನಾಲ್ಕು ಅಡಿ. ಅಗೆಯುವವರು ಬಂದು ಅಗೆಯುತ್ತಿದ್ದರು.

ಗುರುತು ಹಾಕಿದ ಮೇಲೆ ಎರಡು ಗೋಡೆಗಳಿಂದ ಟೇಪು ಹಿಡಿದು, ಎಷ್ಟು ದೂರವೆಂದು ಪುಸ್ತಕದಲ್ಲಿ ಬರೆಯಬೇಕೆಂಬ ನಿಯಮವೂ ಇತ್ತು. ಕಿವಿಯಪ್ಪ ಟೇಪು ಮುಟ್ಟುತ್ತಿರಲಿಲ್ಲ. ಟೇಪು ಕಿವಿಯಿಲ್ಲದವರಿಗೆ ಎಂಬುದು ಅವನ ಸಿದ್ಧಾಂತ. ಪುಸ್ತಕದಲ್ಲಿ ‘ಸ್ಥಳದಲ್ಲಿ ಗುರುತಿದೆ’ ಎಂದು ಬರೆದು, ಕೆಳಗೆ ಉದ್ದನೆಯ ಸಹಿ ಎಳೆದು ಮನೆಗೆ ಹೋಗುತ್ತಿದ್ದ. ಈ ಕಥೆಯಲ್ಲಿ ಮುಂದೆ ನಡೆಯುವ ಸಕಲ ಅನಾಹುತಗಳಿಗೂ ಆ ಎರಡು ಪದಗಳೇ ಹೊಣೆ. ಓದುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು, ಕಿವಿಯಪ್ಪ ಇಟ್ಟುಕೊಂಡಿರಲಿಲ್ಲ.

ಆ ವರ್ಷ ಅವನ ಕಿವಿಯ ಗ್ರಹಚಾರ ಕೆಟ್ಟಿತ್ತು. ಮೊದಲು ಒಂದು ಲಾಂಡ್ರಿಯ ಮುಂದೆ ಅಗೆಸಿದ. ಅಲ್ಲಿ ದನಿ ಮಾಡುತ್ತಿದ್ದದ್ದು ಇಸ್ತ್ರಿಯ ಹಬೆ. ಆಮೇಲೆ ತನ್ನದೇ ಬೀದಿಯ ಬೇಕರಿಯ ಮುಂದೆ ಅಗೆಸಿದ. ಅದು ಬೇಕರಿಯವನ ದೊಡ್ಡ ಫ್ರಿಡ್ಜು. ಆರು ಅಡಿ ಅಗೆದವರಿಗೆ ಒಂದು ಒಂಟಿ ಚಪ್ಪಲಿ ಸಿಕ್ಕಿತು, ಅದೂ ಎಡಗಾಲಿನದು. ಇಲಾಖೆಯ ಸಾಹೇಬರು ಆ ಚಪ್ಪಲಿಯನ್ನು ಮೇಜಿನ ಮೇಲಿಟ್ಟುಕೊಂಡೇ ಅವನನ್ನು ಒಳಗೆ ಕರೆಸಿದರು.

"ನೋಡಯ್ಯಾ, ಒಂದು ಗುಂಡಿ ತಪ್ಪಿದ್ರೆ ಅನುಭವ ಅಂತೀನಿ. ಎರಡು ತಪ್ಪಿದ್ರೆ ವಯಸ್ಸಾಯ್ತು ಅಂತೀನಿ. ಮೂರನೇದು ತಪ್ಪಿತೋ, ಕೋಲು ಉಗ್ರಾಣಕ್ಕೆ, ನೀನು ದೂರಿನ ಕಿಟಕಿಗೆ."

ದೂರಿನ ಕಿಟಕಿ! ಇಲಾಖೆಯ ಕೆಳಮಹಡಿಯಲ್ಲಿ ಒಂದು ಗಾಜು, ಗಾಜಿನಲ್ಲಿ ಒಂದು ತೂತು. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಊರಿನ ಸಿಟ್ಟೆಲ್ಲ ಆ ತೂತಿನ ಮೂಲಕ ಒಳಕ್ಕೆ ಹರಿಯುತ್ತಿತ್ತು. ಹಿಂದೆ ಅಲ್ಲಿ ಕೂತಿದ್ದ ಗುಮಾಸ್ತ ಕಿವಿಗೆ ಹತ್ತಿ ತುರುಕಿಕೊಳ್ಳಲು ಕಲಿತ. ಒಂದು ಮಧ್ಯಾಹ್ನ ಹತ್ತಿಯ ಸಮೇತ ಎದ್ದು ಹೋದವನು ಊಟದ ಡಬ್ಬಿಗೂ ತಿರುಗಿ ಬರಲಿಲ್ಲ. ಡಬ್ಬಿ ಈಗಲೂ ಅಲ್ಲೇ ಇದೆ. ತೆರೆಯುವ ಧೈರ್ಯ ಯಾರಿಗೂ ಇಲ್ಲ. ಇಂಥ ಕಡೆ, ಇಂಥ ಕಿವಿ!

ಮೂರನೆಯದು ಸಿಕ್ಕಿದ್ದೂ ಅವನ ಬೀದಿಯಲ್ಲೇ. ಒಂದು ಗುರುವಾರ ಮಧ್ಯಾಹ್ನ, ಅಂಗಡಿಗಳು ಊಟಕ್ಕೆ ಬಾಗಿಲು ಹಾಕಿದ್ದಾಗ, ಟೈಲರ್ ಅಂಗಡಿಗೂ ಬೇಕರಿಗೂ ನಡುವೆ ಕೋಲು ಊರಿದವನು ಹಾಗೇ ನಿಂತುಬಿಟ್ಟ. ಎಳೆ ಕಡಿಯದ ದನಿ. ಈ ಸಲ ಮೋಸವಿಲ್ಲ. ಹಬೆಯಲ್ಲ, ಫ್ರಿಡ್ಜಲ್ಲ, ಬೇಕರಿಯವನನ್ನು ಊಟದಿಂದ ಎಬ್ಬಿಸಿ ಫ್ರಿಡ್ಜಿನ ಸ್ವಿಚ್ಚನ್ನೂ ಆರಿಸಿ ಕೇಳಿದ. ನೀರೇ. ಸುತ್ತು ಬರೆದ, ಬಾಣ ಬರೆದ, ನಾಲ್ಕು ಎಂದು ಬರೆದ. ಜಾಗ ನೆನಪಿರಲಿ ಎಂದು ಪಕ್ಕಕ್ಕೆ ನೋಡಿದ: ಟೈಲರನ ಕೆಂಪು ಸ್ಕೂಟರು. ‘ಸ್ಕೂಟರಿನ ಹಿಂದಿನ ಗಾಲಿಯಿಂದ ಎರಡು ಹೆಜ್ಜೆ’ ಎಂದು ಮನಸ್ಸಿನಲ್ಲಿ ಬರೆದುಕೊಂಡ. ಪುಸ್ತಕದಲ್ಲಿ, ಸ್ಥಳದಲ್ಲಿ ಗುರುತಿದೆ.

ರಸ್ತೆ ಅಗೆಯುವ ಅನುಮತಿ ಬರಲು ಹತ್ತು ದಿನ. ಆ ಹತ್ತು ದಿನದೊಳಗೆ ಬೀದಿಗೆ ಕಲೆ ಬಂತು.

ಕಲೆಯನ್ನು ಕರೆತಂದವಳು ಮೂವತ್ತರ ಒಬ್ಬ ಹೆಣ್ಣುಮಗಳು. ಕೈಯಲ್ಲಿ ಟಿಪ್ಪಣಿ ಪುಸ್ತಕ, ಬೆರಳುಗಳಲ್ಲಿ ಏಳು ಬಣ್ಣ. ಬೀದಿ ಅವಳಿಗೆ ಕೂಡಲೇ ಬಣ್ಣದ ಮೇಡಂ ಎಂದು ಹೆಸರಿಟ್ಟಿತು. ಯಾವುದೋ ಸಂಸ್ಥೆಯಿಂದ ಬಂದವಳು. ಊರೂರಿನ ಬೀದಿಗಳಲ್ಲಿ ಅಲ್ಲಲ್ಲಿಯ ಜನರಿಂದಲೇ ರಸ್ತೆಯ ಮೇಲೆ ಚಿತ್ರ ಬರೆಸುವುದು, ಕೊನೆಯ ದಿನ ಹೊರದೇಶದ ಒಬ್ಬ ದೊಡ್ಡ ಕಲಾವಿದರು ಬಂದು ನೋಡುವುದು. ಭಾನುವಾರ ಬೆಳಗ್ಗೆ ಟೈಲರ್ ಅಂಗಡಿಯ ಮುಂದೆ ಕುರ್ಚಿ ಹಾಕಿಸಿ ಎಲ್ಲರನ್ನೂ ಕೂರಿಸಿ ಕೇಳಿದಳು.

"ನಿಮ್ಮ ಬೀದಿ ಅಂದ್ರೆ ಏನು? ಇಡೀ ಪ್ರಪಂಚದಲ್ಲಿ ಇಲ್ಲಿ ಮಾತ್ರ ಇರೋದು ಏನು?"

ಬೀದಿ ಇಂಥ ಪ್ರಶ್ನೆಯನ್ನು ಹಿಂದೆ ಎದುರಿಸಿರಲಿಲ್ಲ. ಎಲ್ಲರೂ ಕಿವಿಯಪ್ಪನ ಭಾವನ ಮುಖ ನೋಡಿದರು.

ಭಾವ ಎಂದರೆ ಕಿವಿಯಪ್ಪನ ಹೆಂಡತಿಯ ಅಣ್ಣ, ಎದುರು ಮನೆ. ಮೂವತ್ತು ವರ್ಷ ವಿಮಾನ ಟಿಕೆಟ್ಟಿನ ಕಚೇರಿಯಲ್ಲಿ ಕೂತು ಜಗತ್ತಿನ ಎಲ್ಲ ದೇಶಗಳಿಗೂ ಜನರನ್ನು ಕಳಿಸಿ ನಿವೃತ್ತರಾದವರು. ತಾವು ಎಲ್ಲಿಗೂ ಹೋಗಿರಲಿಲ್ಲ. ಆದರೆ ಕಚೇರಿಯ ಹಳೆಯ ಕ್ಯಾಲೆಂಡರುಗಳನ್ನೆಲ್ಲ ಮನೆಗೆ ತಂದು ನೇತುಹಾಕಿದ್ದರಿಂದ ಅವರ ಮಾತಿನಲ್ಲಿ ಹೊರದೇಶದ ಗಾಳಿ ಬೀಸುತ್ತಲೇ ಇತ್ತು.

"ಒಂದು ದೊಡ್ಡ ಗೋಪುರ ಬರೀರಿ, ಹಿಂದೆ ಹಿಮದ ಬೆಟ್ಟ," ಎಂದರು ಭಾವ. "ನೋಡಿದೋರಿಗೆ ಬೀದಿ ಮೇಲೆ ಗೌರವ ಬರಬೇಕು."

"ಇಲ್ಲಿ ಹಿಮ ಬೀಳುತ್ತಾ ಸಾರ್?" ಎಂದಳು ಮೇಡಂ.

"ಇಲ್ಲಿ ಬೀಳಲ್ಲ ಅಂತ್ಲೇ ಬರೀಬೇಕು!"

"ಮೂರಂತಸ್ತಿನ ಕೇಕ್ ಬರೀಬಹುದು," ಎಂದ ಬೇಕರಿಯವನು.

"ಕೇಕ್ ಎಲ್ಲಾ ಬೀದೀಲೂ ಇರುತ್ತೆ ಬಿಡಪ್ಪ. ಕೋಟು ಹಾಕಿದ ಒಂದು ಆಳು ನಿಲ್ಲಲಿ," ಎಂದ ಟೈಲರ್.

"ಕೋಟು ಎಲ್ಲಾ ಬೀದೀಲೂ ಇರಲ್ವಾ?"

"ನಾನು ಹೊಲಿದಿದ್ದು ಇರಲ್ಲ."

ಮೇಡಂ ತಲೆತಗ್ಗಿಸಿ ಟಿಪ್ಪಣಿ ಪುಸ್ತಕ ಮುಚ್ಚುವುದರಲ್ಲಿದ್ದಳು. ತಗ್ಗಿಸಿದ ಕಣ್ಣಿಗೆ ನೆಲದ ಮೇಲಿನ ನೀಲಿ ಸುತ್ತು ಬಿತ್ತು. "ಇದು ಯಾರು ಬರೆದಿದ್ದು?" ಎಂದಳು, ದನಿಯೇ ಬದಲಾಗಿ.

"ಯಾವನೋ ತಲೆಕೆಟ್ಟೋನು ಗೀಚಿರ್ತಾನೆ," ಎಂದರು ಭಾವ.

ಕೊನೆಯ ಕುರ್ಚಿಯಲ್ಲಿ ಕೂತಿದ್ದ ಕಿವಿಯಪ್ಪ ಕೆಮ್ಮಿದ. "ನಾನೇ ಬರೆದಿದ್ದು."

"ಏನಿದರ ಅರ್ಥ?"

"ಕೆಳಗೆ ಹರೀತಿರೋದು ಮೇಲಿರೋರಿಗೆ ಕೇಳ್ಸಲ್ಲ. ನನಗೆ ಕೇಳ್ಸುತ್ತೆ. ಅಲ್ಲಿ ಒಂದು ಸುತ್ತು ಹಾಕ್ತೀನಿ. ಅಷ್ಟೇ."

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇಲಾಖೆಯ ಮುಂದೆ ಬೇಕಾದರೂ ಹೇಳಬಹುದಾದ ಮಾತು. ಆದರೆ ಮೇಡಂ ಅದನ್ನು ಇಲಾಖೆಯವಳಾಗಿ ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣಲ್ಲಿ ನೀರಾಡಿತು. "ಇನ್ನೊಂದ್ಸಲ ಹೇಳಿ, ಬರ್ಕೋತೀನಿ," ಎಂದಳು. ಬರೆದುಕೊಂಡು ಎಲ್ಲರತ್ತ ತಿರುಗಿ, "ನೀವು ಹಿಮ ಹುಡುಕ್ತಾ ಇದೀರಿ. ನಿಮ್ಮ ಕಲಾವಿದರು ನಿಮ್ಮ ಪಕ್ಕದಲ್ಲೇ ಕೂತಿದಾರೆ," ಎಂದಳು.

ಆಗಲೇ ಹೇಳಿಬಿಡಬೇಕಿತ್ತು. ‘ಅಮ್ಮಾ, ಅದು ಪೈಪು ಒಡೆದ ಗುರುತು’ ಎಂದರೆ ಮುಗಿಯುತ್ತಿತ್ತು. ಕಿವಿಯಪ್ಪ ಬಾಯಿ ತೆರೆದೂ ಇದ್ದ. ಆದರೆ ಎದುರಿಗೆ ಭಾವನ ಬಾಯಿಯೂ ತೆರೆದುಕೊಂಡಿತ್ತು. ಮದುವೆಯಾದ ಇಪ್ಪತ್ತೊಂದು ವರ್ಷಗಳಲ್ಲಿ ಭಾವನ ಬಾಯಿ ಮಾತಾಡದೆ ತೆರೆದದ್ದನ್ನು ಕಿವಿಯಪ್ಪ ನೋಡಿದ್ದು ಅದೇ ಮೊದಲು. "ನಮ್ಮನೆ ಅಳಿಯ ಏನ್ ಮಾಡ್ತಾರೆ ಅಂದ್ರೆ ರಸ್ತೆಗೆ ಕಿವಿ ಕೊಡ್ತಾರೆ" ಎಂದು ನೆಂಟರಿಷ್ಟರ ಮುಂದೆ ನಗಿಸುತ್ತಿದ್ದ ಬಾಯಿ ಅದು. ಆ ಸುಖವನ್ನು ಇನ್ನೊಂದು ಗಳಿಗೆ ನೋಡೋಣವೆಂದು ಕಿವಿಯಪ್ಪ ತನ್ನ ಬಾಯಿ ಮುಚ್ಚಿಕೊಂಡ. ಒಂದು ಗಳಿಗೆ ಒಂದು ವಾರವಾಯಿತು.

ಆ ವಾರ ಭಾವ ದಿನಕ್ಕೆ ಮೂರು ಸಲ ಬಂದರು. "ಅಳಿಯಂದ್ರೇ, ನೀವು ಮಾತು ಕಮ್ಮಿ ಮಾಡಿ. ದೊಡ್ಡ ಕಲಾವಿದರು ಮಾತಾಡಲ್ಲ. ಮಾತೆಲ್ಲ ನಾನು ನೋಡ್ಕೋತೀನಿ," ಎಂದರು. ಟೈಲರನಿಗೆ ಹೇಳಿ ಕುತ್ತಿಗೆ ಮುಚ್ಚುವ ಕರಿಯ ಕೋಟೊಂದನ್ನು ಹೊಲಿಸಿದರು. ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಕಿವಿಯಪ್ಪನಿಗೆ ತನ್ನನ್ನು ನೋಡಿ ತನಗೇ ಭಯವಾಯಿತು.

ಶುಕ್ರವಾರದಿಂದ ಭಾನುವಾರದವರೆಗೆ ಊರಿನ ಇನ್ನೊಂದು ತುದಿಯ ನೀರಿನ ತೊಟ್ಟಿ ತೊಳೆಯುವ ಕೆಲಸ ಬಿತ್ತು. ಅಲ್ಲೇ ಉಳಿದ. ಭಾನುವಾರ ಸಂಜೆ ಬಸ್ಸಿಳಿದು ಬೀದಿಯ ಮೂಲೆ ತಿರುಗಿದವನು ಕಂಬ ಹಿಡಿದುಕೊಂಡು ನಿಂತ.

ಬೀದಿ ತುಂಬ ನೀಲಿ ಸುತ್ತು. ಈ ತುದಿಯಿಂದ ಆ ತುದಿ. ತಟ್ಟೆಯಷ್ಟು, ಬಾನಿಯಷ್ಟು, ಗುಂಡಿಯಷ್ಟು. ಎಲ್ಲದರೊಳಗೂ ಅಡ್ಡಡ್ಡ ಎರಡು ಗೆರೆ, ಎಲ್ಲದಕ್ಕೂ ಬಾಣ, ಎಲ್ಲ ಬಾಣಕ್ಕೂ ನಾಲ್ಕು.

"ಇನ್ನೂರ ಹನ್ನೆರಡು!" ಎಂದು ಓಡಿಬಂದಳು ಮೇಡಂ. "ಪ್ರತಿಯೊಬ್ಬರೂ ಅವರವರ ಸುತ್ತು ಬರೆದ್ರು ಸಾರ್. ತೊಂಬತ್ತು ವರ್ಷದ ಅಜ್ಜಿ ಕೂಡ! ತಮ್ಮ ಕೆಳಗೆ ಹರಿಯೋದನ್ನ ಜನ ಮೊದಲ ಸಲ ಕೇಳಿಸ್ಕೊಂಡ್ರು."

"ಮೊದಲಿಂದಿದ್ದು… ನಂದು… ಅದೆಲ್ಲಿ?"

"ರಸ್ತೆ ಪೂರ್ತಿ ತೊಳೆದು ಬೂದಿ ಬಣ್ಣ ಹೊಡೆದ್ವಲ್ಲ, ಹೋಯ್ತು. ಆದ್ರೆ ಚಿಂತೆ ಮಾಡಬೇಡಿ. ಅದನ್ನ ಅದೇ ಜಾಗದಲ್ಲಿ ತಿರುಗಿ ಬರೆಸಿದ್ವಿ."

"ಯಾವ ಜಾಗ?"

"ನನ್ನ ಅಂಗಡಿ ಮುಂದೆ," ಎಂದ ಟೈಲರ್.

"ಏನ್ ಸುಳ್ಳಪ್ಪಾ! ನನ್ನ ಅಂಗಡಿ ಮುಂದೆ," ಎಂದ ಬೇಕರಿಯವನು. "ನನ್ನ ಕಣ್ಣಾರೆ ನೋಡಿದೀನಿ. ನನ್ನ ಫ್ರಿಡ್ಜ್ ಆರಿಸಿ ತಾನೇ ಬರೆದಿದ್ದು?"

"ಎರಡೂ ಅಲ್ಲ. ನಮ್ಮ ಮೆಟ್ಟಿಲ ಹತ್ರ," ಎಂದು ಅಜ್ಜಿ ಮಹಡಿಯಿಂದ ಕೂಗಿದಳು. "ನನ್ನ ಮೊಮ್ಮಕ್ಕಳು ಸಾಕ್ಷಿ."

ನೋಡನೋಡುತ್ತ ಹನ್ನೊಂದು ಮನೆಯವರು ಹನ್ನೊಂದು ಮೂಲ ಸುತ್ತು ತೋರಿಸಿದರು. ಟೈಲರ್ ಅಂಗಡಿಗೂ ಬೇಕರಿಗೂ ನಡುವೆಯೇ ಹತ್ತಾರು ಸುತ್ತು. ಕಿವಿಯಪ್ಪ ಕಣ್ಣು ಮುಚ್ಚಿ ನೆನಪನ್ನು ಹಿಡಿದ. ಕೆಂಪು ಸ್ಕೂಟರು. ಹಿಂದಿನ ಗಾಲಿ. ಎರಡು ಹೆಜ್ಜೆ. ಕಣ್ಣು ತೆರೆದು ಸ್ಕೂಟರನ್ನು ಹುಡುಕಿದ. ಟೈಲರ್ ಆಗಷ್ಟೇ ಅದನ್ನು ಒದ್ದು ಚಾಲೂ ಮಾಡಿ, ಹತ್ತಿಕೊಂಡು ಹಾಲು ತರಲು ಹೋದ.

ಮನೆಗೆ ಬಂದವನು ಹೆಂಡತಿಯ ಮುಂದೆ ಎಲ್ಲವನ್ನೂ ಬಿಚ್ಚಿಟ್ಟ. ನಾಳೆ ಹತ್ತು ಗಂಟೆಗೆ ಅಗೆಯುವವರು ಬರುತ್ತಾರೆ. ಹನ್ನೊಂದಕ್ಕೆ ಹೊರದೇಶದ ಕಲಾವಿದರು. ತಪ್ಪು ಕಡೆ ಅಗೆದರೆ ದೂರಿನ ಕಿಟಕಿ; ಅಗೆಯದಿದ್ದರೆ ನೀರು ಮಣ್ಣನ್ನು ಒಳಗೊಳಗೇ ತೊಳೆದು ಒಂದು ದಿನ ರಸ್ತೆಯೇ ಕುಸಿಯುತ್ತದೆ.

"ಹೋಗಿ ಹೇಳ್ರೀ, ಅದು ಪೈಪಿನ ಗುರುತು ಅಂತ."

"ನಿಮ್ಮಣ್ಣ ಕೇಳಿಸ್ಕೋತಾರೆ."

"ಅಲ್ಲಾ ರೀ, ನೆಲದ ಕೆಳಗಿಂದು ನಿಮಗೆ ಕೇಳಿಸ್ಬೇಕು, ನಿಮ್ಮ ಬಾಯೊಳಗಿಂದು ನಮ್ಮಣ್ಣನಿಗೆ ಕೇಳಿಸ್ಬಾರದು. ಇದ್ಯಾವ ನ್ಯಾಯ?"

"ಟೇಪು ಹಿಡೀಬೇಕಿತ್ತು ಕಣೇ."

"ನಾನು ಅಳತೆಯಿಲ್ಲದೆ ಪರದೆ ಕೂಡ ಕತ್ತರಿಸಲ್ಲ," ಎಂದು ಹೆಂಡತಿ ದೀಪ ಆರಿಸಿದಳು.

ಬೆಳಗ್ಗೆ ಏಳಕ್ಕೆ ಕೋಲು ಹಿಡಿದು ಬೀದಿಗಿಳಿದ. ಆಗಲೇ ಮೈಕಿನವನು "ಹಲೋ, ಹಲೋ" ಎನ್ನುತ್ತಿದ್ದ. ಜನರೇಟರು ನೆಲವನ್ನೇ ನಡುಗಿಸುತ್ತಿತ್ತು. ಕೋಲಿಗೆ ಕಿವಿ ಕೊಟ್ಟರೆ ಒಳಗೂ "ಹಲೋ, ಹಲೋ". ಅವನು ಬಗ್ಗಿದ್ದನ್ನು ನೋಡಿ ಬೇಕರಿಯವನೂ ಪೊರಕೆಯ ಹಿಡಿಯನ್ನು ನೆಲಕ್ಕೆ ಊರಿ ಕಿವಿಯಿಟ್ಟ. ಟೈಲರ್ ಅಳತೆಯ ಮರದ ಪಟ್ಟಿ ತಂದ. ಅರ್ಧ ಗಂಟೆಯಲ್ಲಿ ಬೀದಿಗೆ ಬೀದಿಯೇ ಛತ್ರಿ, ಊರುಗೋಲು, ಪರದೆಯ ಸರಳು ಹಿಡಿದು ರಸ್ತೆಗೆ ಕಿವಿ ಕೊಟ್ಟಿತ್ತು.

"ನನಗೆ ಕೇಳಿಸ್ತು!" ಎಂದ ಬೇಕರಿಯವನು.

"ಏನು?" ಎಂದು ಕಿವಿಯಪ್ಪ ಓಡಿದ.

"ನನ್ನ ಬಾಲ್ಯ."

ಹತ್ತು ಗಂಟೆಗೆ ಅಗೆಯುವ ತಂಡದ ಮೇಸ್ತ್ರಿ ಬಂದ. ಬೀದಿಯ ತುದಿಯಲ್ಲಿ ನಿಂತು, ಗುದ್ದಲಿ ಕೆಳಗಿಟ್ಟು, ತಲೆಯ ಮೇಲೆ ಕೈಹೊತ್ತು ಕಿವಿಯಪ್ಪನಿಗೆ ಫೋನು ಮಾಡಿದ. "ಅಣ್ಣಾ, ಒಂದು ಲೀಕು ಅಂದಿದ್ರಿ. ಇಲ್ಲಿ ನೋಡಿದ್ರೆ ಇನ್ನೂರಕ್ಕೆ ಮೇಲಿದೆ. ಎಲ್ಲಾ ನಾಲ್ಕಡಿ."

"ನೀನು ಯಾವುದನ್ನೂ ಮುಟ್ಟಬೇಡ. ಸಾಹೇಬ್ರಿಗೆ ಮಾತ್ರ ಹೇಳಬೇಡ," ಎಂದ ಕಿವಿಯಪ್ಪ.

"ಹೇಳಿಯಾಯ್ತು."

ಸಾಹೇಬರು ಆ ಸುದ್ದಿಯನ್ನು ತಮ್ಮ ಮೇಲಿನ ಸಾಹೇಬರಿಗೆ ಮುಟ್ಟಿಸಿದ್ದರು. ಮೇಲಿನವರು, ಒಂದು ಬೀದಿಯಲ್ಲಿ ಇನ್ನೂರ ಹನ್ನೆರಡು ಕಡೆ ಕೊಳವೆ ಒಡೆದಿದ್ದರೆ ಆ ಬೀದಿ ನಿಂತಿರುವುದಾದರೂ ಯಾವ ಆಧಾರದ ಮೇಲೆ ಎಂದು ಕೇಳಿದ್ದರು. ಹೀಗಾಗಿ ಹತ್ತೂ ಮುಕ್ಕಾಲಿಗೆ ಬೀದಿಯ ಒಂದು ತುದಿಯಿಂದ ಹಳದಿಯ ಅಗೆಯುವ ಯಂತ್ರ, ಮೂರು ತಂಡ ಕೂಲಿಗಳು, ಮುಂದೆ ಸಾಹೇಬರು. ಇನ್ನೊಂದು ತುದಿಯಿಂದ ಕಾರು, ಕಾರಿನೊಳಗೆ ಹೊರದೇಶದ ಕಲಾವಿದರು. ನಡುವೆ ಕರಿಯ ಕೋಟಿನಲ್ಲಿ ಬೆವರುತ್ತ ಕಿವಿಯಪ್ಪ.

ವೇದಿಕೆ ಎಂದರೆ ಭಾವನ ಮನೆಯ ಮುಂದೆ ರಸ್ತೆಯ ಮೇಲೆ ಹಾಸಿದ ಒಂದು ಕೆಂಪು ಜಮಖಾನ, ಅದರ ಮೇಲೆ ನಾಲ್ಕು ಕುರ್ಚಿ. ಒಂದರಲ್ಲಿ ಬಿಳಿಗಡ್ಡದ, ತೆಂಗಿನ ಮರದಷ್ಟು ಎತ್ತರದ ಅತಿಥಿ. ಪಕ್ಕದಲ್ಲಿ ಮೇಡಂ. ಅವಳ ಪಕ್ಕದಲ್ಲಿ, ಯಾರೂ ಕರೆಯದಿದ್ದರೂ, ಭಾವ. ನಾಲ್ಕನೆಯ ಕುರ್ಚಿ ಕಿವಿಯಪ್ಪನಿಗಾಗಿ ಕಾಯುತ್ತಿತ್ತು.

ಸಾಹೇಬರು ನೇರ ಕಿವಿಯಪ್ಪನ ಮುಂದೆ ಬಂದು ನಿಂತರು. ಕೋಟನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. "ಇದೇನಯ್ಯಾ ವೇಷ? ನಿನ್ನ ಪುಸ್ತಕದಲ್ಲಿ ‘ಸ್ಥಳದಲ್ಲಿ ಗುರುತಿದೆ’ ಅಂತ ಬರೆದಿದೀಯ. ಇದೆ, ಒಪ್ಪಿದೆ. ಯಾವುದು?"

"ಸಾರ್, ಯಾರ್ರೀ ನೀವು? ಯಂತ್ರ ಹಿಂದಕ್ಕೆ ತಗೊಳ್ಳಿ! ಕಲಾಕೃತಿ ಮೇಲೆ ಬರ್ತಿದೆ!" ಎಂದು ಮೇಡಂ ಓಡಿಬಂದಳು.

"ಕಲಾಕೃತಿನಾ? ಇದು ಇಲಾಖೆ ರಸ್ತೆ ಕಣಮ್ಮ."

"ನಮ್ಮ ಅಳಿಯಂದ್ರ ಕೃತಿ," ಎಂದರು ಭಾವ, ಕುರ್ಚಿ ಬಿಡದೆ. "ಹೊರದೇಶದಲ್ಲಿ ಆಗಿದ್ರೆ ಇದರ ಸುತ್ತ ಹಗ್ಗ ಕಟ್ಟಿರೋರು."

ಯಂತ್ರ ಗುರ್ರೆಂದಿತು. ಅಜ್ಜಿ ಮಹಡಿಯಿಂದ ಒಂದು ಚೊಂಬು ನೀರು ಅದರ ಮೇಲೆ ಸುರಿದಳು. ಟೈಲರ್ ತನ್ನ ಸುತ್ತಿನ ಮೇಲೆ ಕೈಕಾಲು ಚಾಚಿ ಮಲಗಿಬಿಟ್ಟ. ಸಾಹೇಬರು ಕೈ ಮುಂದೆ ಚಾಚಿದರು. "ಕೋಲು ಕೊಡು. ಮೂರನೇದು ಇದೇ ಅಂತ ಬರ್ಕೋತೀನಿ."

ಕಿವಿಯಪ್ಪನಿಗೆ ಗಾಜಿನ ತೂತು ಕಂಡಿತು. ಯಾರೂ ತೆರೆಯದ ಊಟದ ಡಬ್ಬಿ ಕಂಡಿತು. ಕೋಲನ್ನು ಎದೆಗವಚಿಕೊಂಡು ಜಮಖಾನದ ಮೇಲೆ ಓಡಿ, ಮೈಕು ಹಿಡಿದ.

"ಎಲ್ಲರೂ ಎರಡು ನಿಮಿಷ ಸುಮ್ನಿರಿ," ಎಂದ. "ನಿಮ್ಮ ಕಾಲು ಹಿಡೀತೀನಿ. ಆ ಜನರೇಟರ್ ನಿಲ್ಸಿ. ಬೇಕರಿ ಫ್ರಿಡ್ಜ್ ಆರಿಸಿ. ಮನೆಮನೇಲೂ ನಲ್ಲಿ ಮುಚ್ಚಿ. ಮೇಸ್ತ್ರೀ, ಯಂತ್ರ ಆಫ್ ಮಾಡಪ್ಪ. ಅಜ್ಜೀ, ಚೊಂಬು ಕೆಳಗಿಡಿ. ಇದು ಚಿತ್ರ ಅಲ್ಲ. ನಾನು ಕಲಾವಿದ ಅಲ್ಲ. ಕೆಳಗೆ ಪೈಪು ಒಡೆದಿದೆ. ಎಲ್ಲಿ ಅಂತ ನನಗೆ ಮರೆತುಹೋಗಿದೆ."

ಬಾಯೊಳಗೆ ಒಂದು ವಾರ ಕೊಳೆಯುತ್ತಿದ್ದ ಮಾತು ಹೊರಬಿತ್ತು. ಇನ್ನು ಬಯ್ಗುಳ ಬರುತ್ತದೆ ಎಂದು ಕಣ್ಣು ಮುಚ್ಚಿದ. ಬಂದದ್ದು ಚಪ್ಪಾಳೆ. "ಎಂಥಾ ಮಾತು! ‘ಎಲ್ಲಿ ಅಂತ ಮರೆತುಹೋಗಿದೆ’!" ಎಂದು ಯಾರೋ ಕಣ್ಣೊರೆಸಿಕೊಂಡರು. ಸತ್ಯ ಹೇಳಿದರೂ ಬಿಡುಗಡೆಯಿಲ್ಲ. ಆದರೆ ಹೊರದೇಶದ ಅತಿಥಿ ಚಪ್ಪಾಳೆ ತಟ್ಟಲಿಲ್ಲ. ಕೋಲನ್ನೇ ನೋಡುತ್ತಿದ್ದರು. ಎದ್ದು ತುಟಿಯ ಮೇಲೆ ಬೆರಳಿಟ್ಟರು.

ಹೊರದೇಶದ ಬೆರಳಿಗೆ ಇರುವ ಮರ್ಯಾದೆ ದೊಡ್ಡದು. ಜನರೇಟರು ನಿಂತಿತು. ಯಂತ್ರ ನಿಂತಿತು. ಎಲ್ಲೋ ಒಂದು ನಲ್ಲಿ, ಇನ್ನೊಂದು ನಲ್ಲಿ. ಬೇಕರಿಯ ಫ್ರಿಡ್ಜು ಒಮ್ಮೆ ಮೈ ಕೊಡವಿಕೊಂಡು ತೆಪ್ಪಗಾಯಿತು. ಆಮೇಲೆ ಆ ಬೀದಿಯಲ್ಲಿ ನಡುಹಗಲು ಯಾರೂ ಕೇಳಿರದ ಒಂದು ಮೌನ ಬಂದು ಕೂತಿತು. ಮುನ್ನೂರು ಜನ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದರು. ಕಿವಿಯಪ್ಪ ಕೋಲು ಊರಿ ಕಿವಿ ಕೊಟ್ಟ.

ಏನೂ ಇಲ್ಲ. ನಾಲ್ಕು ಹೆಜ್ಜೆ ಮುಂದೆ. ಏನೂ ಇಲ್ಲ. ಟೈಲರನ ಹೊಟ್ಟೆಯ ಪಕ್ಕ ಊರಿದ, ಹೊಟ್ಟೆಯದೇ ದನಿ. ನಿಜವಾಗಿ ಕಿವಿ ಹೋಯಿತೇ? ಇನ್ನೊಂದು ಹೆಜ್ಜೆ. ಆಗ, ಬಹಳ ದೂರದಿಂದ ಎಂಬಂತೆ, ಕೂದಲೆಳೆಯಷ್ಟು ತೆಳ್ಳಗೆ, ಆ ಅಕ್ಷರ. ಬಿಡದೆ ಎಳೆಯುತ್ತಿರುವ ಆ ಕೊನೆಯ ಅಕ್ಷರ. ಕಿವಿಯಪ್ಪನಿಗೆ ಕಣ್ಣು ತುಂಬಿ ಬಂತು. ದನಿಯನ್ನು ಹಿಡಿದು ನಡೆದ. ಹೆಜ್ಜೆಹೆಜ್ಜೆಗೂ ಅದು ಬಲಿಯಿತು. ಜನ ಸರಿದು ದಾರಿ ಬಿಟ್ಟರು. ಜಮಖಾನ ಬಂತು. ಅತಿಥಿಯ ಕುರ್ಚಿ ದಾಟಿದ, ಮೇಡಂ ಕುರ್ಚಿ ದಾಟಿದ, ನಿಂತ.

"ಭಾವ, ಏಳಿ."

"ನಾನ್ಯಾಕೆ ಏಳ್ಲಿ?" ಎಂದು ಭಾವ ಪಿಸುಗುಟ್ಟಿದರು. "ಫೋಟೋ ತೆಗೀತಿದಾರೆ."

"ನಿಮ್ಮ ಕೆಳಗೇ ಇದೆ."

"ಏನಿದೆ?"

"ನೀರು."

ಮುನ್ನೂರು ಜನರ ಕಣ್ಣು ಭಾವನ ಕುರ್ಚಿಯ ಕೆಳಗೆ ಹೋಯಿತು. ಭಾವ ಚಂಗನೆ ಎದ್ದು ಪ್ಯಾಂಟು ಮುಟ್ಟಿ ನೋಡಿಕೊಂಡರು.

ಜಮಖಾನ ಸುತ್ತಿದರು. ಕಿವಿಯಪ್ಪ ಜೇಬಿನಿಂದ ನೀಲಿ ಬಳಪ ತೆಗೆದು ಇನ್ನೂರ ಹದಿಮೂರನೆಯ ಸುತ್ತು ಬರೆದ. "ಅಗೀರಿ. ನಾಲ್ಕಡಿ."

ಮೇಸ್ತ್ರಿಯ ತಂಡ ಅಗೆಯಿತು. ಒಂದು ಅಡಿ. ಒಣ ಮಣ್ಣು. ಎರಡು ಅಡಿ. ಒಣ ಮಣ್ಣು. ಸಾಹೇಬರು ವಾಚು ನೋಡಿಕೊಂಡರು. ಮೂರು ಅಡಿಗೆ ಒಂದು ಚಪ್ಪಲಿ ಸಿಕ್ಕಿತು, ಬಲಗಾಲಿನದು. ಸಾಹೇಬರು ಅದನ್ನು ಕೈಗೆ ತೆಗೆದುಕೊಂಡರು. ಇನ್ನೊಂದು ಕೈಯನ್ನು ಕೋಲಿಗಾಗಿ ಚಾಚಿದರು. ಮೂರೂವರೆ. ಒಣ ಮಣ್ಣು. ಕಿವಿಯಪ್ಪನ ಕೈ ತಾನಾಗಿ ಮುಂದೆ ಬಂತು. ಕೋಲು ಸಾಹೇಬರ ಬೆರಳು ಮುಟ್ಟಿತು.

"ಅಣ್ಣಾ," ಎಂದ ಮೇಸ್ತ್ರಿ ಗುಂಡಿಯೊಳಗಿಂದ. "ಮಣ್ಣು ಕಪ್ಪಾಯ್ತು."

ಮರುಗಳಿಗೆ ನೀರು ಚಿಮ್ಮಿ ಸಾಹೇಬರ ಕನ್ನಡಕಕ್ಕೆ ಬಡಿಯಿತು. ಕಿವಿಯಪ್ಪ ಕೋಲನ್ನು ಹಿಂದಕ್ಕೆ ಕಿತ್ತುಕೊಂಡ. ಬೀದಿ ಕೇಕೆ ಹಾಕಿತು.

"ನನಗೆ ಮೊದಲೇ ಗೊತ್ತಿತ್ತು. ಅದಕ್ಕೇ ಆ ಜಾಗ ಬಿಡದೆ ಕೂತಿದ್ದೆ," ಎಂದರು ಭಾವ.

ಅತಿಥಿ ಗುಂಡಿಯ ಅಂಚಿನಲ್ಲಿ ಮಂಡಿಯೂರಿ, ಕೋಲು ಕೇಳಿ ಪಡೆದು, ಮರದ ಬಟ್ಟಲಿಗೆ ಕಿವಿ ಕೊಟ್ಟು ಬಹಳ ಹೊತ್ತು ನಕ್ಕರು. ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಮೇಡಂ ಮುಖ ಕೆಂಪಾಯಿತು.

"ಏನಂತಮ್ಮಾ?" ಎಂದಳು ಅಜ್ಜಿ.

"ಇವರ ತಂದೆಗೂ ಇದೇ ಕೆಲಸವಂತೆ. ಇಂಥದೇ ಕೋಲಂತೆ. ಅವರ ಊರಿನ ರಸ್ತೇಲೂ… ಹೀಗೇ ನೀಲಿ ಸುತ್ತು ಹಾಕ್ತಾರಂತೆ."

ಇಡೀ ಪ್ರಪಂಚದಲ್ಲಿ ಇಲ್ಲಿ ಮಾತ್ರ ಇರುವುದು ಏನು ಎಂಬ ಪ್ರಶ್ನೆ ಬೀದಿಯ ಮಧ್ಯೆ ಒದ್ದೆಯಾಗಿ ನಿಂತಿತು. "ಚಪ್ಪಲಿ," ಎಂದ ಮೇಸ್ತ್ರಿ ಮೆಲ್ಲಗೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಕಿವಿಯಪ್ಪ ಸುಖಿ. ಕೊಳವೆಗೆ ತೇಪೆ ಬಿತ್ತು, ನೀರು ನಿಂತಿತು, ಎರಡು ಚಪ್ಪಲಿಗಳೂ ಸಾಹೇಬರ ಮೇಜಿನ ಮೇಲೆ ಜೋಡಿಯಾದವು. ಆದರೆ ಬಣ್ಣದ ಮೇಡಂ ಸೋಲೊಪ್ಪುವವಳಲ್ಲ. ಅವಳು ಮೇಲಿನವರಿಗೆಲ್ಲ ಒಂದು ವರದಿ ಕಳಿಸಿದಳು. ಆ ಗುಂಡಿ ಈ ಬೀದಿಯನ್ನು ಜಗತ್ತಿಗೆ ಜೋಡಿಸಿದ ಕೃತಿ, ಅದನ್ನು ಮುಚ್ಚಕೂಡದು, ಸುತ್ತ ಕಟಕಟೆ ಹಾಕಬೇಕು ಎಂಬುದು ಮೊದಲ ಪುಟ. ಇಲಾಖೆಯಲ್ಲಿ ಒಬ್ಬ ಅಪರೂಪದ ನೌಕರನಿದ್ದಾನೆ, ಇಡೀ ನಗರದ ಒಳದನಿಯನ್ನು ಆಲಿಸಬಲ್ಲವನು ಎಂಬುದು ಎರಡನೆಯ ಪುಟ.

ಮೇಲಿನ ಸಾಹೇಬರು ಎರಡೂ ಪುಟ ಓದಿದರು. "ಇಂಥವನನ್ನ ಪೈಪಿನ ಮೇಲೆ ವ್ಯರ್ಥ ಮಾಡ್ತಿದೀರಾ? ಜನರ ಮುಂದೆ ಕೂರ್ಸಿ!" ಎಂದರು. ದಪ್ಪ ಕಾಗದದ ಮೇಲೆ, ಅಭಿನಂದನೆಗಳ ಸಮೇತ, ಆದೇಶ ಬಂತು.

ಮುಂದಿನ ಸೋಮವಾರ ಹತ್ತು ಗಂಟೆಗೆ ಕಿವಿಯಪ್ಪ ದೂರಿನ ಕಿಟಕಿಯ ಹಿಂದೆ ಕೂತ. ಕೋಲನ್ನು ಮಾತ್ರ ಉಗ್ರಾಣಕ್ಕೆ ಕೊಟ್ಟಿರಲಿಲ್ಲ, ಕುರ್ಚಿಗೆ ಒರಗಿಸಿಕೊಂಡಿದ್ದ. ಊಟದ ಡಬ್ಬಿಯನ್ನು ಕಾಲಿನಿಂದ ಮೆಲ್ಲಗೆ ಆಚೆ ತಳ್ಳಿದ. ಹತ್ತೂ ಒಂದಕ್ಕೆ ಗಾಜಿನ ತೂತಿನಲ್ಲಿ ಮೊದಲ ಬಾಯಿ ಕಾಣಿಸಿತು. ಪರಿಚಯದ ಬಾಯಿ.

"ಏನ್ರೀ ಅಳಿಯಂದ್ರೇ!" ಎಂದರು ಭಾವ. "ಮನೆ ಮುಂದೆ ಗುಂಡಿ, ಗುಂಡಿಗೆ ಕಟಕಟೆ, ಕಟಕಟೆಗೆ ಜನ! ಬಾಗಿಲು ತೆಗೆದ್ರೆ ನನ್ನ ಫೋಟೋ ತೆಗೀತಾರೆ, ಅದೂ ಬನಿಯನ್ನಲ್ಲಿ! ಮೂವತ್ತು ವರ್ಷ ಪ್ರಪಂಚಾನೆಲ್ಲ ಆಚೆ ಕಳಿಸಿದೋನು ನಾನು, ಈಗ ಪ್ರಪಂಚ ನನ್ನ ಮೆಟ್ಟಿಲ ಮೇಲೆ ಕೂತಿದೆ! ಯಾರಿಗ್ರೀ ಹೇಳೋದು ಇದನ್ನ? ಕೇಳೋರು ಯಾರಾದ್ರೂ ಇದಾರಾ ಇಲ್ಲಿ?"

ಕಿವಿಯಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಮೇಜಿನ ಡ್ರಾಯರಿನಿಂದ ಹೊಸ ಟೇಪೊಂದನ್ನು ತೆಗೆದು ಗಾಜಿನ ತೂತಿನೊಳಗಿಂದ ಮೆಲ್ಲಗೆ ಹೊರಕ್ಕೆ ತಳ್ಳಿದ.

"ಎಲ್ಲಾ ಸರಿ ಭಾವ," ಎಂದ. "ಎರಡು ಗೋಡೆಯಿಂದ ಅಳತೆ ತಗೊಂಡು ಬನ್ನಿ."